ಹಿತ್ತಾಳೆ ಬಂದೂಕು ಬೆಳಗಿದ ದಸರೆ

ಹುಣಸೆಹಣ್ಣು ಹಾಕಿ ಹಿತ್ತಾಳೆ ಬೆಳಗುವ ವಾಸನೆ ಬಂದರೆ ಬೇರೆ ಹೆಂಗಸರಿಗೆ ದೇವರ ಮನೆ ನೆನಪಾಗುತ್ತದೆ. ನನಗೆ ಬಂದೂಕು ನೆನಪಾಗುತ್ತದೆ. ಹೋದ ವಾರ ಸೊಸೆ ಹಿತ್ತಲಲ್ಲಿ ಕೂತು ದೀಪದ ಕಂಬಗಳನ್ನು ತಿಕ್ಕುತ್ತಿದ್ದಳು. "ಸಂದಿಯೊಳಗ ಹುಳಿ ನಿಂತೀತು, ಚಲೋತ್ನಾಗಿ ತೊಳೆದು ಒರೆಸು" ಎಂದೆ. "ಈ ಮಾತು ಮದುವಿ ಆದಾಗಿಂದ ಕೇಳ್ಕೋತ ಬಂದೀನಿ ಅತ್ತಿ" ಎಂದು ನಕ್ಕಳು. ಅತ್ತೆಗೆ ಮಡಿ ಹೆಚ್ಚು ಎಂದು ಅವಳು ತಿಳಿದಿದ್ದಾಳೆ. ಹಾಗೆಯೇ ತಿಳಿಯಲಿ ಎಂದು ಇಷ್ಟು ವರ್ಷ ಬಿಟ್ಟಿದ್ದೆ. ನಮ್ಮನೆಯವರು ಲಿಂಗೈಕ್ಯರಾಗಿ ಮೂರು ವರ್ಷವಾಯಿತು, ಉಳಿದವರೂ ಯಾರೂ ಇಲ್ಲ. ಇನ್ನು ಬರೆದಿಟ್ಟರೆ ತಪ್ಪಿಲ್ಲ ಅನ್ನಿಸಿತು.

ಅದು ರಾಣಿಯ ಸರಕಾರದ ಕಾಲ. ದೊಡ್ಡ ಬರ ಕಳೆದು ಹದಿನೈದು ವರ್ಷ ಆಗಿದ್ದಿರಬೇಕು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮದು ಹಗ್ಗ, ಗೋಣಿ, ಮೊಳೆ, ಬೀಗ ಮಾರುವ ಅಂಗಡಿ. ಅದರ ಹಿಂದೆಯೇ ಮನೆ. ಮನೆಯಲ್ಲಿ ನಾವಿಬ್ಬರು, ಅತ್ತೆ, ಎರಡು ವರ್ಷದ ಮಗಳು. ಆ ವರ್ಷ ಮಗಳಿಗೆ ಒಂದು ದಿನವೂ ಜ್ವರ ಬರಲಿಲ್ಲ, ಹಿತ್ತಲ ಬಾವಿ ಶ್ರಾವಣದಲ್ಲೇ ತುಂಬಿತ್ತು. ಶಿವ ಕೊಟ್ಟದ್ದನ್ನು ಕೊಟ್ಟನೆಂದೇ ಹೇಳಬೇಕು.

ನಮ್ಮನೆಯವರು ಲಿಂಗಪೂಜೆ ಆಗದೆ ಗುಟುಕು ನೀರು ಕುಡಿಯುವವರಲ್ಲ. ಅಂಗಳದಲ್ಲಿ ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವವರು. ಅಂಥವರಿಗೆ ಬಂದೂಕಿನ ಹುಚ್ಚು. ಎಲ್ಲ ಬಂದೂಕೂ ಅಲ್ಲ. ಬೆರಳು ಹಾಕಿ ಒತ್ತುವ ಜಾಗದ ಕೆಳಗೆ ಉಂಗುರದಂತೆ ಬಾಗಿದ ಒಂದು ಸನ್ನೆ ಇರುತ್ತದೆ. ಅದನ್ನು ಕೆಳಗೆ ನೂಕಿ ಮೇಲಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ ಹಾರಿ, ಹೊಸ ತೋಟಾ ತಾನಾಗಿ ಒಳಗೆ ಕೂರುತ್ತದೆ. ಅಮೆರಿಕ ದೇಶದವರು ಮಾಡಿದ್ದು. ಅಂಥ ಹಳೆಯವು ಮಾತ್ರ ಇವರಿಗೆ ಬೇಕು. ದಂಡಿನ ಪ್ರದೇಶದಲ್ಲಿ ದೊರೆಗಳು ಊರು ಬಿಟ್ಟು ಹೋಗುವಾಗ ಸಾಮಾನು ಹರಾಜು ಹಾಕುತ್ತಿದ್ದರು. ಬೇರೆ ವರ್ತಕರು ಮಂಚ, ಕುರ್ಚಿ, ಗಡಿಯಾರ ಹಿಡಿದರೆ ಇವರು ಯಾರೂ ಕೇಳದ ಹಳೇ ಬಂದೂಕಿನ ಮುಂದೆ ನಿಲ್ಲುವರು. ಹೀಗೆ ಐದು ಕೂಡಿದ್ದವು. ಒಂದರ ನಳಿಗೆಗೆ ಎಂಟು ಮೂಲೆ. ಇನ್ನೊಂದು, ರೈಲು ಇಂಜಿನಿಯರನ ಹೆಂಡತಿ ಅಳುತ್ತ ಕೊಟ್ಟದ್ದು. ಎಲ್ಲಕ್ಕಿಂತ ಹಳೆಯದಕ್ಕೆ ನಡುವಿನ ಮೈಯೆಲ್ಲ ಹಿತ್ತಾಳೆ. ವಯಸ್ಸಾಗಿ ಖರ್ಜೂರದ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣವನ್ನೇ ಇವರು ಮಗಳ ಕೆನ್ನೆ ಸವರಿದಂತೆ ಸವರುತ್ತಿದ್ದರು.

"ಹೆಂಡ್ತಿಗಿಂತ ಆಕಿ ಹೆಚ್ಚಾದ್ಲು" ಎಂದು ಅತ್ತೆ ಅನ್ನುವರು.

"ಆಕಿ ಮಾತಾಡಂಗಿಲ್ಲವ್ವಾ" ಎಂದು ಇವರು.

ಅವನ್ನು ರಿಪೇರಿ ಮಾಡುತ್ತಿದ್ದವರು ಕೌಲ್ ಬಜಾರಿನ ದಸ್ತಗಿರ್ ಸಾಬರು. ಎಲ್ಲರೂ ಉಸ್ತಾದ್ ಎನ್ನುವರು. ಅರವತ್ತು ಮುಟ್ಟಿದ ಒಣಕಲು ಮನುಷ್ಯ, ಲೋಹ ತಿಕ್ಕುವ ಅರವನ್ನು ಹಿಡಿದು ಹಿಡಿದು ಹೆಬ್ಬೆರಳು ಚಪ್ಪಟೆಯಾಗಿತ್ತು. ನನ್ನನ್ನು ತಂಗಿ ಎಂದು ಕರೆಯುವರು. ಬಂದೂಕಿನ ಒಳಗಿನ ಒಂದು ಚೂರು ಸವೆದರೆ ಅಮೆರಿಕದಿಂದ ತರಿಸುವುದೆಲ್ಲಿ ಬಂತು? ಗಡಿಯಾರದ ಸ್ಪ್ರಿಂಗು, ಟ್ರಂಕಿನ ಪಟ್ಟಿ ತಿಕ್ಕಿ ತಿಕ್ಕಿ ಅವರೇ ಮಾಡಿ ಕೂರಿಸುತ್ತಿದ್ದರು.

ತಿಂಗಳಿಗೊಂದು ಸೋಮವಾರ ಬಂಡಿ ಕಟ್ಟಿಕೊಂಡು ಕುರುಗೋಡಿಗೆ ಹೋಗುತ್ತಿದ್ದೆವು. ಅದು ಇವರ ಹಿರಿಯರ ಊರು. ನಾನೂ ಅತ್ತೆಯೂ ಬಸವಣ್ಣನ ಗುಡಿಯಲ್ಲಿ ಕೂತರೆ, ಇವರೂ ಉಸ್ತಾದರೂ ಊರಾಚೆ ಗುಡ್ಡದ ಸಂದಿಗೆ ಹೋಗಿ ಬಂಡೆಯ ಮೇಲೆ ಒಡಕು ಗಡಿಗೆ, ಒಣಗಿದ ಸೋರೆಬುರುಡೆ ಸಾಲಾಗಿ ಇಟ್ಟು ಹೊಡೆಯುವರು. ಜೀವ ಇರುವ ಯಾವುದಕ್ಕೂ ಇವರು ಒಂದು ದಿನವೂ ಗುರಿ ಹಿಡಿಯಲಿಲ್ಲ. ಒಮ್ಮೆ ನಾನೂ ಹೋಗಿದ್ದೆ. ಮಳೆ ಬಿದ್ದು ಬಂಡೆಗಳ ಬುಡದಲ್ಲಿ ಹಸಿರು ಇಣುಕಿತ್ತು. ಢಂ ಎಂದರೆ ಗುಡ್ಡ ತಿರುಗಿ ಢಂ ಎನ್ನುವುದು. ನಡುವೆ ಸನ್ನೆಯ ಚಕ್-ಚಕ್. ಬಿಸಿ ತೋಟಾ ಕಲ್ಲಿನ ಮೇಲೆ ಟಣ್ ಎಂದು ಬೀಳುವುದು. ಹೊಗೆಗೆ ಇವರ ಮುಖ ಕಾಣುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಬರಿದು ಮಾಡಿದ ಮೇಲೆ ನನ್ನ ಕೈಗೆ ಕೊಟ್ಟು "ಎಳೀ ನೋಡೂಣು" ಎಂದರು. ಎಳೆದೆ. ಬೆಣ್ಣೆಯಲ್ಲಿ ಬೆರಳಾಡಿಸಿದಂತಿತ್ತು. "ತಂಗಿ ಕೈ ನೋಡ್ರಿ ಸಾವಕಾರ್ರೆ, ನಿಮಗಿಂತ ಹಗುರ ಐತಿ" ಎಂದು ಉಸ್ತಾದ್ ನಕ್ಕಿದ್ದರು.

ಆ ಮಳೆಗಾಲದಲ್ಲಿ ದಂಡಿಗೆ ಹೊಸ ದೊರೆ ಬಂದ. ಬಂದೂಕಿನ ಪರವಾನಗಿ ಹೊಸದು ಮಾಡಿಸುವ ಸಮಯ. "ಗೋಣಿ ಮಾರುವವನಿಗೆ ಐದು ಬಂದೂಕು ಯಾಕೆ?" ಎಂದು ಕೇಳಿದನಂತೆ. ಹಳೆಯವನ್ನು ಕೂಡಿಸಿಡುವುದು ನನಗೆ ಪ್ರೀತಿ, ಉಸ್ತಾದರ ಕೈಗುಣದಿಂದ ಎಲ್ಲವೂ ಕೆಲಸ ಮಾಡುತ್ತವೆ ಎಂದು ಇವರು ಹೇಳಿದರು. ದೊರೆಗೂ ಗುರಿ ಹೊಡೆಯುವ ಚಟವಂತೆ. ದಸರೆ ಮುಗಿದ ಮರುದಿನ ಬೆಳಿಗ್ಗೆ ಚಾಂದಮಾರಿ ಮೈದಾನಕ್ಕೆ, ಎಂದರೆ ಸಿಪಾಯಿಗಳು ಗುರಿ ಕಲಿಯುವ ಬಯಲಿಗೆ, ಎಲ್ಲವನ್ನೂ ತಂದು, ಅತಿ ಹಳೆಯದರಿಂದ ಹನ್ನೆರಡು ತೋಟಾ ತಡೆಯಿಲ್ಲದೆ ಹಾರಿಸಿ ತೋರಿಸು ಎಂದ. ಹಾರಿದರೆ ಐದಕ್ಕೂ ಪರವಾನಗಿ. ನಡುವೆ ನಿಂತರೆ ಐದೂ ಗುಜರಿ, ಒಡೆದು ಹಾಕಿಸುತ್ತೇನೆ ಎಂದ. ಇನ್ನೊಂದು ಮಾತನ್ನೂ ಅಂದನಂತೆ: ಇಷ್ಟು ಹಳೆಯದನ್ನು ನಡೆಸುವ ಕೈ ಇದ್ದರೆ ದಂಡಿನ ರಿಪೇರಿ ಕೆಲಸವೆಲ್ಲ ಆ ಮುದುಕನಿಗೇ.

ಉಸ್ತಾದರ ಮನೆಯಲ್ಲಿ ಆ ಮಾತಿಗೆ ಹಬ್ಬವಾಯಿತು. ಆಗ ದಂಡಿನಲ್ಲಿ ಹೊಸ ಯಂತ್ರ, ಹೊಸ ಬಂದೂಕು ಬಂದು ಕೌಲ್ ಬಜಾರಿನ ಹಳೇ ಕಸುಬುದಾರರ ಅಂಗಡಿಗಳು ಒಂದೊಂದೇ ಬಾಗಿಲು ಹಾಕುತ್ತಿದ್ದವು. ಅವರಿಗೆ ಉಳಿದಿದ್ದು ಹೆಸರೊಂದೇ. ಹದಿನೈದು ದಿನ ಹಿತ್ತಾಳೆ ಬಂದೂಕನ್ನು ತಮ್ಮಲ್ಲೇ ಇಟ್ಟುಕೊಂಡು, ಪ್ರತಿ ಚೂರನ್ನೂ ಬಿಚ್ಚಿ ತಿಕ್ಕಿ ಕೂರಿಸಿ, ಅಷ್ಟಮಿಯ ಸಂಜೆ ಬಟ್ಟೆಯಲ್ಲಿ ಸುತ್ತಿ ತಂದರು.

"ತಂಗಿ, ಒಳಗಿನ ಎಣ್ಣಿ ಹಂಗ ಇರ್ಲಿ. ಕೈ ಹಚ್ಚಬ್ಯಾಡ್ರಿ. ನೆಟ್ಟಗ ಚಾಂದಮಾರಿಗೇ ಹೋಗ್ಲಿ" ಎಂದರು. ಇವರು ಅಂಗಡಿಯಲ್ಲಿದ್ದರು. ಆ ಮಾತು ಕೇಳಿದವಳು ನಾನೊಬ್ಬಳೇ.

ಮರುದಿನ ಮಹಾನವಮಿ, ಆಯುಧ ಪೂಜೆ. ಅಂಗಡಿಯ ತಕ್ಕಡಿ, ಅಡಿಗೆಮನೆಯ ಈಳಿಗೆ, ಬಂಡಿಯ ಗಾಲಿ ಎಲ್ಲಕ್ಕೂ ವಿಭೂತಿ, ಹೂವು. ಬಂದೂಕು ಬಿಡುವುದುಂಟೇ? ನಾಲ್ಕನ್ನು ಇಟ್ಟಾಗಿತ್ತು. ಐದನೆಯದರ ಬಟ್ಟೆ ಬಿಚ್ಚಿದಾಗ ಅತ್ತೆ ಮೂಗು ಮುಚ್ಚಿಕೊಂಡರು.

"ಏನದು ಕಮಟು? ಯಾವ ಎಣ್ಣಿ ಬಳಿದಾನ?"

"ಬಂದೂಕಿನ ಎಣ್ಣಿ ಅತ್ತಿ."

"ಕುರಿ ಕೊಬ್ಬು ಕಾಸಿ ಬಳೀತಾರ ಆ ಮಂದಿ, ನನಗ ಗೊತ್ತಿಲ್ಲೇನು? ಅದನ್ನ ಲಿಂಗದ ಮುಂದ ಇಡ್ತೀ? ದೇವರ ಮುಂದ ಇಡೂ ಹಿತ್ತಾಳಿ ಹಿಂಗ ಕರ್ರಗ ಇರತೈತೇನ?"

ಕೊಬ್ಬೋ, ಎಳ್ಳೆಣ್ಣೆಯೋ ನನಗೂ ತಿಳಿಯದು. ಆದರೆ ಒಮ್ಮೆ ಆ ಮಾತು ಕಿವಿಗೆ ಬಿದ್ದ ಮೇಲೆ ನನ್ನ ಕೈಯೂ ಅದನ್ನು ಪೂಜೆಗೆ ಇಡಲು ಒಪ್ಪಲಿಲ್ಲ. ಉಸ್ತಾದರ ಮಾತು ನೆನಪಿತ್ತು. ಅದು ಬರೀ ಕಸುಬಿನ ಮಾತು, ಇದು ದೇವರದು ಎಂದುಕೊಂಡೆ. ಹಿತ್ತಲಿಗೆ ಒಯ್ದು ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಕೊಡ ಬೆಳಗಿದಂತೆ ಬೆಳಗಿದೆ. ಸನ್ನೆಯನ್ನು ಎಳೆದು ಬಾಯಿ ತೆರೆಸಿ ಒಳಗೂ ತಿಕ್ಕಿದೆ. ಎರಡು ಕೊಡ ನೀರು ಸುರಿದೆ. ನನಗೆ ಗೊತ್ತಿದ್ದ ಭಕ್ತಿ ಅಷ್ಟೇ: ದೇವರ ಸಾಮಾನು ಥಳಥಳ ಅನ್ನಬೇಕು. ಆಯಿತು, ಬಂಗಾರದ ಹಾಗಾಯಿತು. ಹೊರಗೆ ಸೆರಗಿನಿಂದ ಒರೆಸಿ ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿ ಇಟ್ಟೆ.

ಇವರು ಪೂಜೆಗೆ ಬಂದು ನೋಡಿ ಬೆರಗಾದರು. "ಇದು ನಮ್ಮದೇ ಏನ?"

"ಒರೆಸಿದೆ" ಎಂದೆ. ಆ ಒಂದು ಮಾತು. ಸುಳ್ಳಲ್ಲ ಎಂದು ಆಗ ಅನ್ನಿಸಿತ್ತು.

ಇವರು ಹಿತ್ತಾಳೆಯನ್ನು ಒಂದು ಸಲ ಬೆರಳಿನಿಂದ ಸವರಿದರು. ಖರ್ಜೂರದ ಬಣ್ಣ ಹೋದದ್ದಕ್ಕೆ ಒಳಗೆ ನೊಂದರೋ ಏನೋ, ಹಬ್ಬದ ದಿನ ಬಾಯಿ ಬಿಡಲಿಲ್ಲ.

ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಡಲು ಉಸ್ತಾದ್ ಬಂದರು. ಪ್ರತಿ ವರ್ಷ ಬರುವವರೇ. ಇವರ ಕೈಗೆ ಎಲೆ ಕೊಟ್ಟು, ಅತ್ತೆಗೆ ದೂರದಿಂದ ಕೈ ಮುಗಿದು, ಪಡಸಾಲೆಯಿಂದಲೇ ಒಳಗೆ ಇಣುಕಿದರು. ದೀಪದ ಬೆಳಕಿಗೆ ಬಂದೂಕು ಹೊಳೆಯುತ್ತಿತ್ತು. ಅವರ ನಗು ಅಲ್ಲೇ ನಿಂತಿತು.

"ತಂಗಿ, ಏನ್ ಹಚ್ಚಿ ಒರೆಸಿದಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಬಟ್ಟಿಲೆ ಒರೆಸ್ಯಾಳ, ಇನ್ನೇನ್ ಹಚ್ತಾಳ?" ಎಂದರು.

"ಒಂದು ಸಲ ಕೊಡ್ರಿ ಸಾವಕಾರ್ರೆ, ಬಿಚ್ಚಿ ನೋಡಿ ಕೊಡ್ತೀನಿ."

"ಪೂಜಿಗಿ ಇಟ್ಟಿದ್ದು ನಾಳೆ ಬೆಳಿಗ್ಗಿ ತನಾ ಕದಲಿಸೂಹಂಗಿಲ್ಲಪ್ಪಾ" ಎಂದರು ಅತ್ತೆ. ಇವರೂ ಹೌದೆಂದರು. ಉಸ್ತಾದ್ ಇನ್ನೊಮ್ಮೆ ನನ್ನ ಕಡೆ ನೋಡಿದರು. ನಾನು ಬನ್ನಿ ಎಲೆಗಳನ್ನು ತಟ್ಟೆಯಲ್ಲಿ ಜೋಡಿಸುತ್ತ ಕೂತೆ. ಆಗ ಹುಣಸೆಹಣ್ಣು ಎಂದು ಒಂದು ಮಾತು ಅಂದಿದ್ದರೆ ಆ ಮನುಷ್ಯ ರಾತ್ರಿಯೆಲ್ಲ ಕೂತಾದರೂ ಸರಿಮಾಡುತ್ತಿದ್ದರು. ಅತ್ತೆಯ ಮಾತಿನ ಎದುರು ಮಾತಾಡಬಾರದು ಎಂದು ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಹೊಗಳಿಸಿಕೊಂಡ ಕೆಲಸ ತಪ್ಪೆಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು.

ಮರುದಿನ ಊಟದ ಹೊತ್ತಿಗೆ ಇವರು ಬರಿಗೈಯಲ್ಲಿ ಬಂದರು. ರುಮಾಲು ತೆಗೆದು ನೆಲದ ಮೇಲೇ ಇಟ್ಟರು. ಅತ್ತೆ ಕೇಳಿದ ಮೇಲೆ ಹೇಳಿದರು. ಮೈದಾನದಲ್ಲಿ ಉಸ್ತಾದ್ ಮತ್ತೆ ಬಿಚ್ಚಿ ನೋಡುತ್ತೇನೆ ಎಂದಿದ್ದರಂತೆ. ದೊರೆ ಬಂದು ನಿಂತಿದ್ದ, ಈಗೆಲ್ಲಿ ಬಿಚ್ಚುವುದು ಎಂದು ಇವರೇ ಕೊಡಲಿಲ್ಲ. ಏಳು ತೋಟಾ ಹಾರಿತು. ಎಂಟನೆಯದಕ್ಕೆ ಸನ್ನೆ ಅರ್ಧಕ್ಕೆ ಹಿಡಿದುಕೊಂಡು ನಿಂತಿತು. ಕೆಳಗೂ ಇಲ್ಲ, ಮೇಲೂ ಇಲ್ಲ. ದಂಡಿನ ಕಮ್ಮಾರ ಬಂದು ಪಕ್ಕದ ತಗಡು ಬಿಚ್ಚಿದ.

"ಒಳಗ ಹಸಿರು ಕಿಲುಬು! ಸ್ಪ್ರಿಂಗಿಗೆ ತುಕ್ಕು! ಹದಿನೈದು ದಿನ ಆ ಮುದುಕ ಏನ್ ಮಾಡ್ಕೋತ ಕುಂತಿದ್ದ?" ಎಂದು ಇವರು ಕೂಗಿದರು.

ಕಿಲುಬು ಎಂದ ಕೂಡಲೇ ನಾನು ಒಲೆಯ ಕಡೆ ತಿರುಗಿ ಕೂತೆ. ಹುಳಿ ನಿಂತ ಹಿತ್ತಾಳೆಗೆ ಕಿಲುಬು ಬರುತ್ತದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ?

"ಅವ ಏನಂದ?" ಎಂದು ಅತ್ತೆ ಕೇಳಿದರು.

"ಏನಂತಾನ? 'ನಂದ ತಪ್ಪು ಸಾಹೇಬ್ರೆ' ಅಂದ. ನಾನೂ ಬಿಡಲಿಲ್ಲ. ಕೈ ನಡಗಾಕ ಹತ್ಯಾವ ಅಂತ ಮೊದಲ ಹೇಳಬೇಕಿತ್ತು, ನನ್ನ ಮರ್ಯಾದಿ ಯಾಕ ಕಳೆದಿ ಅಂತ ಎಲ್ಲಾರ ಮುಂದ ಅಂದೆ. ಕೌಲ್ ಬಜಾರದ ಮಂದಿ ಅರ್ಧ ಅಲ್ಲೇ ಇತ್ತು."

ಐದೂ ಬಂದೂಕನ್ನು ಅಲ್ಲೇ ಇರಿಸಿಕೊಂಡು ಮೂರನೆಯ ದಿನ ಸುತ್ತಿಗೆಯಲ್ಲಿ ಒಡೆಸಿದರು. ಸಿಕ್ಕಿಬಿದ್ದ ತೋಟಾ ಇವರ ಮುಖದ ಮೇಲೆ ಸಿಡಿಯದೆ ಉಳಿದದ್ದು ಶಿವನ ದೊಡ್ಡ ದಯೆ. ಅದನ್ನು ನಾನು ಇಂದಿಗೂ ನೆನೆಯುತ್ತೇನೆ. ಆದರೆ ಆ ದಿನ ಒಲೆಯ ಮುಂದೆ ಕೂತು ಉರಿಯನ್ನು ಮುಂದಕ್ಕೆ ನೂಕುತ್ತಲೇ ಇದ್ದೆ. ಅತ್ತೆ ಪಕ್ಕಕ್ಕೆ ಬಂದು ಮೆಲ್ಲಗೆ, "ಬಾಯಿ ಮುಚ್ಚಿಕೊಂಡಿರು. ಬಂದೂಕ ಹೋದ್ವು, ಮನಿ ಹಗುರಾತು" ಎಂದರು. ಅವರೂ ತಿಳಿದುಕೊಂಡಿದ್ದರು.

ಅಂದಿನಿಂದ ಇವರು ಕೌಲ್ ಬಜಾರದ ಹಾದಿ ಬಿಟ್ಟರು. ದಂಡಿನ ಕೆಲಸ ಉಸ್ತಾದರಿಗೆ ಸಿಗಲಿಲ್ಲ ಎಂದಷ್ಟೇ ಅಲ್ಲ, ಕೈ ನಡುಗುತ್ತದೆ ಎಂಬ ಮಾತು ಬಜಾರದ ತುಂಬ ಹಬ್ಬಿ ಬೀಗದ ಕೆಲಸ ಕೊಡುವವರೂ ಹಿಂದೆಗೆದರಂತೆ. ಅಂಗಡಿಗೆ ಬಂದವರು ಹೇಳುವುದು ನನಗೆ ಒಳಗೆ ಕೇಳುತ್ತಿತ್ತು. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದೀಪಾವಳಿ ಬಂತು. ತವರಿಗೆಂದು ಸಿರುಗುಪ್ಪಕ್ಕೆ ಹೋದೆ.

ಸಿರುಗುಪ್ಪದಲ್ಲಿ ಆ ಸಲ ಹೊಳೆ ದಂಡೆಯ ಗದ್ದೆಗಳು ತಲೆ ಬಾಗಿ ನಿಂತಿದ್ದವು. ಗಿಳಿ ಓಡಿಸುವವರ ಕೂಗು ಬೆಳಗಿನಿಂದ ಸಂಜೆವರೆಗೆ. ನನ್ನ ಅಪ್ಪ ಅಲ್ಲಿ ಸಾಲಿ ನಡೆಸುತ್ತಿದ್ದರು, ನನಗೆ ಅಕ್ಷರ ಕಲಿಸಿದವರೂ ಅವರೇ. ಮೂರನೆಯ ದಿನ ತಾಟಿನ ಮುಂದೆ ಸುಮ್ಮನೆ ಕೂತದ್ದನ್ನು ನೋಡಿ, "ಯಾಕ ನೀಲಮ್ಮ, ಅನ್ನ ಸೇರವಲ್ದು?" ಎಂದರು. ಎಲ್ಲ ಹೇಳಿಬಿಟ್ಟೆ. ಅಪ್ಪ ಬೈಯಲಿಲ್ಲ.

"ನೀ ಬೆಳಗಿದ್ದು ತಿಳೀದೇ ಮಾಡಿದ್ದು. ಮುಚ್ಚಿದ್ದು ತಿಳಿದು ಮಾಡಿದ್ದು. ಹೋಗಿ ಗಂಡಗ ಹೇಳು."

"ಕೊಯ್ಲು ಮುಗೀಲಿ ಅಪ್ಪಾ, ಅವ್ವಗ ಕೈಗೂಡಿಸಿ ಹೋಗ್ತೀನಿ."

"ಕೊಯ್ಲಿಗೆ ಆಳು ಅದಾವ" ಎಂದರು ಅಪ್ಪ. ಆದರೂ ನಾನು ಹದಿನೈದು ದಿನ ನಿಂತೆ. ಭತ್ತ ತೂರುವುದು, ಕುಟ್ಟುವುದು, ಕೇರುವುದು; ಕೈಗೆ ಕೆಲಸವಿದ್ದರೆ ಮನಸ್ಸು ಚುಚ್ಚುವುದಿಲ್ಲ ಎಂದು.

ಕಡೆಗೆ ಹೊಸ ಅಕ್ಕಿಯ ಒಂದು ಚೀಲ ಉಸ್ತಾದರ ಮನೆಗೆಂದು ಬೇರೆ ಕಟ್ಟಿಸಿ ಬಂಡಿ ಹತ್ತಿದೆ. ಬಳ್ಳಾರಿ ಮುಟ್ಟಿದ ಮೇಲೆ, ಮೊದಲು ಅವರ ಮುಂದೆ ತಪ್ಪೊಪ್ಪಿಕೊಂಡರೆ ಗಂಡನ ಮುಂದೆ ಧೈರ್ಯ ಬಂದೀತೆಂದು, ಬಂಡಿಯನ್ನು ಕೌಲ್ ಬಜಾರದ ಕಡೆ ತಿರುಗಿಸಿದೆ. ಅಂಗಡಿಗೆ ಬೀಗ. ಪಕ್ಕದ ಮನೆಯ ಅಂಗಳದಲ್ಲಿ ಅವರ ಹೆಂಡತಿ ಫಾತಿಮಾಬಿ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದರು.

"ಉಸ್ತಾದ್ ಎಲ್ಲಿ ಅಕ್ಕಾ?"

"ಆದವಾನಿಗೆ ಹೋದ್ರು. ಹತ್ತಿ ಗಿರಣಿಯೊಳಗ ಗರಗಸದ ಹಲ್ಲು ತಿಕ್ಕೂ ಕೆಲಸ. ಎಂಟು ದಿನ ಆತು. ಐತವಾರ ನಾನೂ ಹೊಂಟೀನಿ."

ನಾನು ನಿಂತಲ್ಲೇ ಎಲ್ಲ ಹೇಳಿದೆ. ಹುಣಸೆಹಣ್ಣು, ಉಪ್ಪು, ಬೂದಿ, ಎರಡು ಕೊಡ ನೀರು. ಫಾತಿಮಾಬಿ ಕೈಯ ಕೆಲಸ ನಿಲ್ಲಿಸಲಿಲ್ಲ.

"ನಮಗ ಆವತ್ತೇ ಗೊತ್ತಿತ್ತು ನೀಲಮ್ಮ. ಮೈದಾನದಿಂದ ಬಂದು ಅಂದ್ರು, 'ಹೆಣ್ಮಗಳು ಪೂಜಿ ಮಾಡ್ಯಾಳ, ಹುಳಿ ಹಾಕಿ ಬೆಳಗ್ಯಾಳ' ಅಂತ. ನಾ ಅಂದೆ, ಹೋಗಿ ಸಾವಕಾರ್ರಿಗೆ ಹೇಳ್ರಿ ಅಂತ. 'ಗಂಡಾ ಹೆಂಡ್ತಿ ನಡುವ ನಾ ಯಾಕ ಬರ್ಲಿ? ಆಕಿನ ಹೇಳ್ತಾಳ' ಅಂದ್ರು. ದಿನಾ ಅಂಗಡಿ ತೆಗೆದು ಕುಂತು ಹಾದಿ ನೋಡ್ತಿದ್ರು. ಸಾವಕಾರ್ರು ಇವತ್ತ ಬರ್ತಾರ, ನಾಳೆ ಬರ್ತಾರ ಅಂತ. ತಿಂಗಳಾಗಾಕ ಬಂತು. ಹೊಟ್ಟಿ ಕೇಳಬೇಕಲ್ಲ?"

ಅಕ್ಕಿಯ ಚೀಲ ಇಳಿಸಲು ಹೋದೆ.

"ಬ್ಯಾಡ. ನನಗ ಹೇಳಿ ಏನ್ ಮಾಡ್ತಿ? ನಾ ಏನ್ ಅವರನ್ನ ಬೈದಿದ್ನೇನು? ಬೈದವರಿಗೆ ಹೋಗಿ ಹೇಳು. ಇವತ್ತೇ ಹೇಳು." ಗೋಣಿಯ ಬಾಯಿ ಕಟ್ಟಿ, "ನೀರು ಕುಡೀತೀ ಏನು, ಬಿಸಲಾಗ ಬಂದೀ" ಎಂದರು. ಕುಡಿದೆ. ಅಷ್ಟಾದರೂ ಕೊಟ್ಟರು.

ಮನೆಗೆ ಬಂದು ಬಂಡಿ ಇಳಿದವಳೇ, ಕಾಲು ತೊಳೆಯದೆ, ಅಂಗಡಿಯ ಹಿಂಬಾಗಿಲಿಗೆ ಇವರನ್ನು ಕರೆದು ಹೇಳಿದೆ. ಆಯುಧ ಪೂಜೆಯ ಬೆಳಗಿನಿಂದ ಹಿಡಿದು ಹೇಳಿದೆ. ಉಸ್ತಾದರಿಗೆ ಮೊದಲೇ ತಿಳಿದಿತ್ತೆಂಬುದನ್ನು ಮಾತ್ರ ಬಾಯಿಗೆ ತರಲಿಲ್ಲ. ತಂದರೆ ಕೌಲ್ ಬಜಾರಿಗೆ ಹೋದದ್ದೂ ಹೊರಗೆ ಬೀಳುತ್ತಿತ್ತು. ಇವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ನನ್ನ ಮೇಲೆ ಕೈ ಎತ್ತುವ ಮನುಷ್ಯರಲ್ಲ, ಆ ದಿನ ಎತ್ತಿದ್ದರೂ ಬೇಸರವಿರಲಿಲ್ಲ. "ಎಲ್ಲಾರ ಮುಂದ ಕೈ ನಡಗತಾವ ಅಂದೆನಲ್ಲ" ಎಂದಷ್ಟೇ ಎರಡು ಸಲ ಅಂದರು.

ಮರುದಿನ ಎದ್ದವರೇ ದಂಡಿನ ಕಚೇರಿಗೆ ಹೋದರು. ತಪ್ಪು ನನ್ನ ಮನೆಯದು, ಉಸ್ತಾದರ ಕೈಯದಲ್ಲ ಎಂದು ಬರೆದುಕೊಳ್ಳಿರಿ ಎಂದು ಕೇಳಿದರಂತೆ. ಆ ದೊರೆ ಬೇರೆ ಊರಿಗೆ ಹೋಗಿಯಾಗಿತ್ತು. ಹೊಸಬನ ಗುಮಾಸ್ತ ಕಾಗದದಿಂದ ತಲೆ ಎತ್ತದೆ, "ಯಾವ ದಸ್ತಗಿರಿ?" ಎಂದನಂತೆ. ಉಸ್ತಾದ್ ಆದವಾನಿಯ ಗಿರಣಿ ಸೇರಿದ ಸುದ್ದಿ ಅಂಗಡಿಗೆ ಬಂದವರಿಂದ ಇವರ ಕಿವಿಗೂ ಬಿದ್ದಿತ್ತು; ಕಚೇರಿಯಿಂದ ನೇರ ರೈಲು ಹತ್ತಿ ಅಲ್ಲಿಗೆ ಹೋದರು.

ಮಾರನೆಯ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದರು. ಮುಖದ ಬಿಗಿ ಸಡಿಲಿತ್ತು.

"ಸಿಕ್ಕ. ಕಾಲಿಗೆ ಬೀಳಾಕ ಹೋದೆ, ಬೀಳಗೊಡಲಿಲ್ಲ. ವಾಪಸ್ ಬಾ ಅಂದೆ. 'ಇಲ್ಲೇ ಚಲೋ ಐತಿ, ಆ ಬಜಾರದಾಗ ಇನ್ನ ಯಾರ ಮಾರಿ ನೋಡ್ಲಿ' ಅಂದ. ಒಂದೇ ಮಾತು ಕೇಳಿದ."

"ಏನ್ ಕೇಳಿದ್ರು?"

"'ತಂಗಿ ತಾನಾಗೇ ಹೇಳಿದ್ಲಾ, ಯಾರರೆ ಹೇಳಿಸಿದ್ರಾ?' ಅಂತ. ತಾನಾಗೇ ಹೇಳಿದ್ಲು ಅಂದೆ. ಸಿರುಗುಪ್ಪದಿಂದ ನೆಟ್ಟಗ ಬಂದಾಕಿ ಕಾಲು ಸೈತ ತೊಳಿಲಿಲ್ಲ, ಬಾಗಲದಾಗ ನಿಂತು ಹೇಳಿದ್ಲು ಅಂದೆ. ನಕ್ಕ ನೋಡು ನೀಲಾ. ಗಿರಣಿ ಸಪ್ಪಳದಾಗೂ ಕೇಳೂಹಂಗ ನಕ್ಕ."

ಇವರು ಹೆಗಲ ಮೇಲಿನ ವಸ್ತ್ರ ತೆಗೆದು ಗೂಟಕ್ಕೆ ಹಾಕಿ, ಆ ದಸರೆಯ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡುತ್ತಿದ್ದರು. ಅಪ್ಪ ಹೇಳಿ ಕಳಿಸಿದ್ದು, ಫಾತಿಮಾಬಿ ಅಂಗಳದಿಂದ ಅಟ್ಟಿದ್ದು, ಎರಡೂ ನನ್ನ ನಾಲಿಗೆಯ ತುದಿಯಲ್ಲಿದ್ದವು. ಐತವಾರ ಫಾತಿಮಾಬಿ ಆದವಾನಿಗೆ ಹೋದ ಮೇಲೆ ಉಸ್ತಾದರಿಗಂತೂ ನಿಜ ತಿಳಿಯುವುದೇ ಇತ್ತು. ತಿಳಿಯದೆ ಉಳಿಯುವವರು ಇವರೊಬ್ಬರೇ.

"ಬಡಸ್ಲೇನ್ರಿ?" ಎಂದೆ.